ಪಾಸ್‌ವರ್ಡ್ ಯಾರ ಸಲುವಾಗಿ

ನಮ್ಮೂರಿಗೆ ದಾರಿ ಯಾವುದು ಎಂದು ಕೇಳಿದರೆ ನನಗೂ ಹೇಳಲು ಬಾರದು. ಇಲ್ಲಿಗೆ ಬಂದವರೆಲ್ಲ ಬೇರೆಲ್ಲಿಗೋ ಹೊರಟು, ಬಸ್ಸಿನಲ್ಲಿ ತೂಕಡಿಸಿ, ಇಳಿಯುವ ಸ್ಟಾಪು ತಪ್ಪಿಸಿಕೊಂಡು ಬಂದವರೇ. ಬಂದವರ ಕಣ್ಣಿಗೆ ಮೊದಲು ಬೀಳುವುದು ನಮ್ಮ ಬಾಗಿಲುಗಳು. ಯಾವುದಕ್ಕೂ ಬೀಗವಿಲ್ಲ, ಚಿಲಕವಿಲ್ಲ, ಒಂದು ಅಗುಳಿ ಕೂಡ ಇಲ್ಲ. ಬಚ್ಚಲಿಗೆ ಹೋದವರು ಒಳಗೆ ಜನ ಇದ್ದಾರೆ ಎಂದು ಗೊತ್ತಾಗಲೆಂದು ಗಟ್ಟಿಯಾಗಿ ಹಾಡುತ್ತಿರುತ್ತಾರೆ. ಹೀಗಾಗಿ ಬೆಳಗಿನ ಹೊತ್ತು ನಮ್ಮೂರಲ್ಲಿ ಹಾಡಿಗೆ ಬರವಿಲ್ಲ, ಶ್ರುತಿಗೆ ಮಾತ್ರ ಬರ.

ಬೀಗ ಯಾಕಿಲ್ಲವೆಂದರೆ, ನಮ್ಮೂರಲ್ಲಿ ಬೀಗ ಹಾಕಿದವರು ಅದನ್ನು ಯಾರ ಸಲುವಾಗಿ ಹಾಕಿದರೋ ಅವರನ್ನೇ ಮರೆತುಬಿಡುತ್ತಾರೆ. ಬಂಗಾರದ ಸಲುವಾಗಿ ಹಾಕಿದರೆ ಬಂಗಾರವನ್ನು, ಎಮ್ಮೆಯ ಸಲುವಾಗಿ ಹಾಕಿದರೆ ಎಮ್ಮೆಯನ್ನು. ತೆಗೆದ ಕ್ಷಣವೇ ನೆನಪು ವಾಪಸು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಏನು ಮರೆತಿದ್ದೇವೆ ಎಂಬುದೇ ಗೊತ್ತಿಲ್ಲದವರಿಗೆ ತೆಗೆಯಬೇಕು ಅಂತ ಹೊಳೆಯುವುದಾದರೂ ಹೇಗೆ? ಹಿಂದೆ ಒಬ್ಬಾತ ಇದನ್ನೇ ಉಪಯೋಗಿಸಿಕೊಂಡು ತನ್ನ ಅತ್ತೆಯನ್ನು ಮರೆಯಲು ಹೊರಟನಂತೆ. ಅತ್ತೆಯ ಹೆಸರು ಹೇಳಿಕೊಂಡು ಎಷ್ಟು ಡಬ್ಬಿಗೆ ಬೀಗ ಹಾಕಿದರೂ ಮುದುಕಿ ನೆನಪಿನಿಂದ ಕದಲಲಿಲ್ಲ, ಯಾಕೆಂದರೆ ಯಾವ ಬೀಗವೂ ನಿಜವಾಗಿ ಆಕೆಯ ಸಲುವಾಗಿ ಬಿದ್ದದ್ದಲ್ಲ. ಸರಿ, ಆಕೆಯ ಮೇಲೆ ಅಕ್ಕರೆ ಹುಟ್ಟಿಸಿಕೊಳ್ಳಲೇಬೇಕು ಎಂದು ಹಟಕ್ಕೆ ಬಿದ್ದು ಕಾಲು ಒತ್ತಿದ, ಕಷಾಯ ಕಾಸಿಕೊಟ್ಟ. ಕೊನೆಗೊಂದು ದಿನ ಬೀಗ ಕೆಲಸ ಮಾಡಿತು. ಅಷ್ಟೊಳ್ಳೆ ಅಳಿಯ ಕೈತಪ್ಪಿ ಹೋದ ಎಂದು ಮುದುಕಿ ಗೋಳಾಡಿದ್ದೇ ಗೋಳಾಡಿದ್ದು.

ನಮಗೆ ಅಂಚೆ ತಪ್ಪಿದ್ದೂ ಇದರಿಂದಲೇ. ಅಂಚೆಯಣ್ಣ ಪಾಪ ಒಳ್ಳೆಯವನು. ಊರಿನವರ ಕಾಗದ ಮಳೆಗೆ ನೆನೆಯಬಾರದು ಎಂದು ಚೀಲಕ್ಕೆ ಬೀಗ ಜಡಿದ. ಊರನ್ನೇ ಮರೆತು ಆಚೆ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಕೆಲವರು ಫೋನು ಕೊಂಡರು. ಅದಕ್ಕೂ ಒಂದು ಲಾಕು ಇರುತ್ತದಲ್ಲ, ಯಾರ ಹತ್ತಿರ ಮಾತಾಡಬೇಕು ಅಂತ ಕೊಂಡರೋ ಅವರನ್ನೇ ಮರೆತು ಈಗ ಅದರ ಬೆಳಕಿನಲ್ಲಿ ಅಕ್ಕಿ ಆರಿಸುತ್ತಾರೆ.

ಕೊನೆಗೆ ಪುರಸಭೆಯೇ ಒಂದು ಮೇಲ್ ಸರ್ವರ್ ತರಿಸಿತು. ಹೊರಗಿನ ಕಂಪನಿಗಳ ಮೇಲ್ ಪುಕ್ಕಟೆ ಸಿಗುತ್ತದೆ, ಆದರೆ ಅವರು ಮಾತೆತ್ತಿದರೆ ಪಾಸ್‌ವರ್ಡ್ ಕೇಳುತ್ತಾರೆ. ಪಾಸ್‌ವರ್ಡ್ ಎಂದರೂ ಬೀಗವೇ, ಕಬ್ಬಿಣದ್ದಲ್ಲ ಅಷ್ಟೇ. ನಮ್ಮದೇ ಸರ್ವರ್ ಆದರೆ ಪಾಸ್‌ವರ್ಡ್ ಇಲ್ಲದೆ ಇಟ್ಟುಕೊಳ್ಳಬಹುದು ಎಂದು ಅಧ್ಯಕ್ಷೆ ರಂಗನಾಯಕಮ್ಮನವರು ಲೆಕ್ಕ ಹಾಕಿದರು. ಒಡೆದ ಮೈಕು, ಹಳೆಯ ಬಾವುಟಗಳಿದ್ದ ಹಿಂದಿನ ಕೋಣೆಯಲ್ಲಿ ಅದನ್ನು ಕೂರಿಸಿ, ನೋಡಿಕೊಳ್ಳಲು ನನ್ನನ್ನು ನೇಮಿಸಿದರು. ಅದಕ್ಕೆ ಫ್ಯಾನು ಹಾಕುವುದು, ಇಲಿ ಓಡಿಸುವುದು, ಬಂದವರಿಗೆ ಕೀಬೋರ್ಡು ಬಿಟ್ಟುಕೊಡುವುದು ನನ್ನ ಕೆಲಸ. ನನ್ನ ಹೆಸರು ಚೆಲುವಯ್ಯ. ಮುಖ ನೋಡಿ ಇಟ್ಟ ಹೆಸರಲ್ಲ ಎಂದು ನಾನೇ ಹೇಳಿಬಿಡುತ್ತೇನೆ, ನಿಮಗೆ ಆ ಕಷ್ಟ ಬೇಡ.

ಪಾಸ್‌ವರ್ಡ್ ಇಲ್ಲವಾದ್ದರಿಂದ ಯಾರ ಮೇಲನ್ನು ಯಾರು ಬೇಕಾದರೂ ಓದಬಹುದು. ಓದಬಾರದು ಎಂಬ ಮರ್ಯಾದೆ ಇದೆ. ಆದರೂ ಎಲ್ಲರೂ ಓದುತ್ತಾರೆ, ಓದಿಲ್ಲವೆಂಬಂತೆ ಮುಖ ಮಾಡಿಕೊಳ್ಳುವುದೇ ಆ ಮರ್ಯಾದೆ. ಹೀಗಾಗಿ ಹೈಮಾವತಿ ನನಗೆ ಬರೆದದ್ದನ್ನೂ ನಾನು ಅವಳಿಗೆ ಬರೆದದ್ದನ್ನೂ ಊರೇ ಓದಿಕೊಂಡಿತ್ತು. ಹೈಮಾವತಿ ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಒಮ್ಮೆ ನಮ್ಮ ಸಂತೆಯ ತಕ್ಕಡಿಗಳನ್ನು ಪರೀಕ್ಷೆ ಮಾಡಲು ಬಂದವಳು ವರದಿ ಕಳಿಸಲು ನನ್ನ ಕೋಣೆಗೆ ಬಂದಳು. ಕೂತ ಕುರ್ಚಿ ಒಂದು ಕಡೆ ವಾಲುತ್ತದೆಂದು ಎದ್ದು, ಕಾಲಿನ ಕೆಳಗೆ ಕಾಗದ ಮಡಿಸಿ ಇಟ್ಟು, ಅಲುಗಾಡಿಸಿ ನೋಡಿ, ಆಮೇಲೆ ಕೂತಳು. ನಾನು ಆ ವಾಲುವ ಕುರ್ಚಿಯಲ್ಲಿ ಎಷ್ಟೋ ಕಾಲದಿಂದ ವಾಲಿಕೊಂಡೇ ಕೂತಿದ್ದೆ. ನನಗೆ ಯಾಕೋ ಎದೆ ಒಂದು ಸಲ ಹೊಡೆದುಕೊಂಡಿತು. ವಯಸ್ಸು ನಲವತ್ತು ದಾಟಿದ ಮೇಲೆ ಹೀಗಾದರೆ ಜನ ಡಾಕ್ಟರ ಹತ್ತಿರ ಹೋಗುತ್ತಾರೆ. ನಾನು ಅವಳ ಮೇಲ್ ವಿಳಾಸ ಕೇಳಿದೆ.

ಅವಳಿಗೆ ಒಂದೇ ಕಡೆ ನೆಲೆಯಿಲ್ಲ. ಇವತ್ತು ಈ ಸಂತೆ, ನಾಳೆ ಆ ಸಂತೆ, ಉಳಿಯುವುದು ಸಿಕ್ಕಿದ ಕಡೆ. ಅವಳನ್ನು ಹುಡುಕಿಕೊಂಡು ಹೋಗಿ ಮುಟ್ಟುವುದು ಮೇಲ್ ಒಂದೇ. ಹೀಗೆ ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ನಮ್ಮಿಬ್ಬರ ಮಾತು ತಕ್ಕಡಿಯಿಂದ ಕೆಮ್ಮಿಗೆ, ಕೆಮ್ಮಿನಿಂದ ಊಟಕ್ಕೆ, ಊಟದಿಂದ ಇನ್ನೂ ಹತ್ತಿರದ ವಿಷಯಗಳಿಗೆ ಬಂತು. ಮೆಸ್ಸಿನ ಕಮಲಕ್ಕ ಅನ್ನ ಬಡಿಸುತ್ತ, "ಕೆಮ್ಮಿಗೆ ಜೇಷ್ಠಮಧು ತಗೊಳ್ಳಿ ಅಂತ ಬರ್ದಿದ್ದಾಳಲ್ಲ, ತಗೊಂಡ್ಯೇನೋ?" ಎಂದು ಕೇಳುವರು. ರಂಗನಾಯಕಮ್ಮನವರಂತೂ ನನ್ನ ಉತ್ತರ ಹೊರಡುವ ಮೊದಲೇ ಬಗ್ಗಿ ನೋಡಿ, "ಚೆಲುವಯ್ಯ, ಇಷ್ಟು ಚುಟುಕಾಗಿ ಬರೀತಾರೇನ್ರೀ? ಇದೇನು ನಲ್ಲಿ ರಿಪೇರಿ ಅರ್ಜಿನೇ?" ಎಂದು ಎರಡು ಸಾಲು ಸೇರಿಸಿಬಿಡುತ್ತಿದ್ದರು.

ಎಲ್ಲ ಚೆನ್ನಾಗಿದೆ ಎನ್ನುವ ಹೊತ್ತಿಗೆ ಕಳ್ಳರು ಬಂದರು. ನಮ್ಮ ಸರ್ವರಿಗೆ ಬಾಗಿಲೇ ಇಲ್ಲ ಎಂಬುದು ಲೋಕಕ್ಕೆ ಹೇಗೆ ತಿಳಿಯಿತೋ, ಎಲ್ಲೆಲ್ಲಿಯ ಮೋಸಗಾರರೂ ಅದರೊಳಗೆ ನುಗ್ಗಿ ನಮ್ಮೂರಿನ ಹೆಸರಿನಲ್ಲಿ ಮೇಲ್ ಬಿಡತೊಡಗಿದರು. ಬೋಳು ತಲೆಗೆ ಎಣ್ಣೆ, ಸತ್ತ ರಾಜಕುಮಾರನ ಆಸ್ತಿ, ಮೂರೇ ದಿನದಲ್ಲಿ ಇಂಗ್ಲಿಷು. ಪುರಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ, ಪಾಪ ದೂರದಿಂದ ಬಂದವರು, ಕಳಿಸಿಕೊಂಡು ಹೋಗಲಿ, ನಮ್ಮದೇನು ಸವೆಯುತ್ತದೆ ಎಂದು ತೀರ್ಮಾನವಾಯಿತು. ಮೋಸ ಹೋದವರು ಬೈದು ಬರೆದಾಗ, ನಮ್ಮಲ್ಲಿ ಎಣ್ಣೆ ದಾಸ್ತಾನಿಲ್ಲ, ದಯವಿಟ್ಟು ಕ್ಷಮಿಸಿ ಎಂದು ಒಬ್ಬೊಬ್ಬರಿಗೂ ನಾನೇ ಉತ್ತರಿಸಿದೆ. ನಮಗೆ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿ ಗೊತ್ತಿಲ್ಲ.

ಇದರ ಫಲ ಏನಾಯಿತೆಂದರೆ, ಲೋಕದ ಸರ್ವರುಗಳೆಲ್ಲ ಸೇರಿ ನಮ್ಮನ್ನು ಬ್ಲ್ಯಾಕ್‌ಲಿಸ್ಟಿಗೆ ಹಾಕಿದವು. ಹೊರಗಿನಿಂದ ನಮಗೆ ಮೇಲ್ ಬರುತ್ತಿತ್ತು, ಆದರೆ ನಾವು ಕಳಿಸಿದ್ದು ಎಲ್ಲಿಗೂ ತಲುಪದೆ ಹೋದ ದಾರಿಯಲ್ಲೇ ವಾಪಸು ಬರುತ್ತಿತ್ತು. ನಿಮ್ಮೂರಿನ ಮೇಲ್ ನಾವು ಮುಟ್ಟುವುದಿಲ್ಲ ಎಂದು ಒಂದು ಸಾಲು ಬೇರೆ. ಹೈಮಾವತಿಯ ಆ ಮೇಲ್ ಬಂದದ್ದು ಸರಿಯಾಗಿ ಆಗಲೇ.

"ಚೆಲುವಯ್ಯನವರೇ," ಎಂದು ಬರೆದಿದ್ದಳು, "ನನ್ನನ್ನು ತುಂಬ ದೂರಕ್ಕೆ ವರ್ಗ ಮಾಡಿದ್ದಾರೆ. ಒಪ್ಪಿಕೊಂಡರೆ ಅಲ್ಲೇ ಇರಬೇಕಾಗುತ್ತದೆ. ಬೇಡ ಎಂದರೆ ಸಣ್ಣ ಹುದ್ದೆ ಕೊಟ್ಟು ಈ ಕಡೆಯೇ ಬಿಡುತ್ತಾರೆ. ನೀವು ಬಾ ಎಂದರೆ ನಿಮ್ಮೂರಿಗೆ ಬರುತ್ತೇನೆ. ಬರೀ ನೋಡಿಕೊಂಡು ಹೋಗಲು ಅಲ್ಲ, ಇರುವುದಕ್ಕೆ. ಯುಗಾದಿಯೊಳಗೆ ಉತ್ತರ ಬರದಿದ್ದರೆ ನಿಮಗೆ ಮನಸ್ಸಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ಮತ್ತೆ ಬರೆದು ಬೇಸರ ಮಾಡುವುದಿಲ್ಲ."

ನಾನು "ಬನ್ನಿ" ಎಂದು ಬರೆದೆ. ವಾಪಸು ಬಂತು. "ದಯವಿಟ್ಟು ಬನ್ನಿ" ಎಂದು ಬರೆದೆ, ಅದೂ ಬಂತು. ರಂಗನಾಯಕಮ್ಮನವರು ತಮ್ಮ ಎರಡು ಸಾಲು ಸೇರಿಸಿದರು, ಅದೂ ಬಂತು. ಬೇರೆ ಊರಿಗೆ ಹೋಗಿ ಅಲ್ಲಿಂದ ಬರೆಯೋಣವೆಂದರೆ ಅಲ್ಲಿಯವರೂ ಮೊದಲು ಪಾಸ್‌ವರ್ಡ್ ಹಾಕು ಎನ್ನುತ್ತಾರೆ. ಎಲ್ಲೋ ಒಂದು ಸಂತೆಯಲ್ಲಿ ಅವಳು ಮೇಲ್ ತೆರೆದು ನೋಡುತ್ತಾಳೆ, ನನ್ನ ಹೆಸರು ಕಾಣದೆ ಮುಚ್ಚುತ್ತಾಳೆ ಎಂದು ನೆನೆದರೆ ಅಳುವೇ ಬರುತ್ತಿತ್ತು. ಊರಿನವರೂ ದಿನಾ ಬಂದು ಬಗ್ಗಿ ನೋಡಿ, ಓದಿಲ್ಲವೆಂಬಂತೆ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ರಂಗನಾಯಕಮ್ಮನವರೇ ಬಸ್ಸಿನವರ ಕೈಲಿ ಹೇಳಿ ಕಳಿಸಿ, ಹೊರಗಿನಿಂದ ಜಯತೀರ್ಥ ಎಂಬ ಎಂಜಿನಿಯರನ್ನು ಕರೆಸಿದರು. ಚುರುಕು ಹುಡುಗ. ಬಂದ ಕೂಡಲೇ ಕೈಗಡಿಯಾರ ನೋಡಿ, ಸಂಜೆ ಬಸ್ಸಿಗೆ ಮನೆಗೆ ಹೋಗಬೇಕು, ಹೆಂಡತಿ ಕಾಯುತ್ತಿರುತ್ತಾಳೆ ಎಂದ. ಸರ್ವರ್ ನೋಡಿ ತಲೆ ಮೇಲೆ ಕೈ ಹೊತ್ತ.

"ಏನ್ರೀ ಇದು, ಧರ್ಮಛತ್ರ ಮಾಡಿಟ್ಟಿದ್ದೀರಲ್ಲ!" ಎಂದ. ಆಮೇಲೆ ನನಗೂ ತಿಳಿಯುವಂತೆ ಹೇಳುತ್ತ ಕೆಲಸ ಶುರು ಮಾಡಿದ. ಈ ಕೋಣೆಯ ಕೀಬೋರ್ಡಿನಿಂದ ಬರೆದ ಮೇಲ್ ಮಾತ್ರ ಹೊರಗೆ ಹೋಗುವಂತೆ ಮಾಡಿದ. ನಮ್ಮೂರಿನ ಮೇಲ್ ಹೊರುವುದು ಈ ಒಂದೇ ಸರ್ವರು, ಬೇರೆ ಯಾರಾದರೂ ನಮ್ಮ ಹೆಸರು ಹೇಳಿಕೊಂಡು ಬಂದರೆ ನಂಬಬೇಡಿ ಎಂದು ಲೋಕಕ್ಕೆಲ್ಲ ಕಾಣುವ ಹಾಗೆ ಒಂದು ಪ್ರಕಟಣೆ ಹಚ್ಚಿದ. ಹೊರಡುವ ಪ್ರತಿ ಮೇಲಿಗೂ ನಮ್ಮದೇ ಮೊಹರು ಬೀಳುವಂತೆ ಮಾಡಿದ. ಆ ಮೊಹರಿನ ವಿಷಯ ಕೇಳಿ ನನಗೆ ಬಹಳ ಖುಷಿಯಾಯಿತು. ಕಾಗದ ತೆರೆದೇ ಇರುತ್ತದೆ, ಯಾರು ಬೇಕಾದರೂ ಓದಬಹುದು, ಆದರೆ ಕಳಿಸಿದವರು ನಾವೇ ಎಂಬುದು ಗೊತ್ತಾಗುತ್ತದೆ.

"ಇಷ್ಟೇ ಸಾಕಲ್ವಾ?" ಎಂದೆ.

"ಸಾಕಾಗಲ್ಲ ಸಾರ್. ಮೊಹರು ಇಟ್ಟಿರೋ ಪೆಟ್ಟಿಗೆನೇ ತೆರೆದಿದ್ರೆ ಕಳ್ಳನೇ ಬಂದು ಒತ್ಕೊಂಡು ಹೋಗ್ತಾನೆ. ನಾನು ಮಾಡಿರೋದನ್ನೆಲ್ಲ ರಾತ್ರಿ ಕಳೆಯೋದ್ರೊಳಗೆ ತಿರುವಿ ಹಾಕ್ತಾನೆ. ಎಲ್ಲಾದಕ್ಕೂ ಮೇಲೆ ಒಂದು ಯಜಮಾನನ ಖಾತೆ ಇದೆ. ಅದೊಂದಕ್ಕೆ ಪಾಸ್‌ವರ್ಡ್ ಬೇಕೇ ಬೇಕು. ಹಾಕಿ, ಬ್ಲ್ಯಾಕ್‌ಲಿಸ್ಟ್‌ನೋರಿಗೆ ಬರೆದ್ರೆ ಅವರೇ ಬಂದು ಪರೀಕ್ಷೆ ಮಾಡಿ ನಿಮ್ಮನ್ನ ಬಿಡ್ತಾರೆ."

ನಾವು ನಮ್ಮೂರಿನ ಕಷ್ಟ ಹೇಳಿದೆವು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು, ಬಸ್ಸಿಗೆ ಹೊತ್ತಾಯಿತು ಎಂದು ಟಕಟಕ ತಾನೇ ಒಂದು ಪಾಸ್‌ವರ್ಡ್ ಹಾಕಿಬಿಟ್ಟ. ಹಾಕಿದ್ದು ಬೇಗ ಮನೆ ಸೇರುವ ಸಲುವಾಗಿ. ಚೀಲ ಹೆಗಲಿಗೇರಿಸಿ ಬಸ್‌ಸ್ಟಾಂಡಿನವರೆಗೆ ಹೋದವನು ಬಸ್ಸಿನ ಮುಂದೆ ನಿಂತುಕೊಂಡ. ಕಂಡಕ್ಟರು ಎಲ್ಲಿಗೆ ಸಾರ್ ಎಂದರೆ ಇವನು ಎಲ್ಲಿಗೆ ಎಂದು ಅವರನ್ನೇ ತಿರುಗಿ ಕೇಳಿದ. ಬಸ್ಸು ಹೋಯಿತು. ಇವನು ಸಂತೋಷವಾಗಿ ಕಮಲಕ್ಕನ ಮೆಸ್ಸಿಗೆ ಬಂದು, ಈ ಊರು ಚೆನ್ನಾಗಿದೆ, ಬಾಡಿಗೆಗೆ ಒಂದು ಕೋಣೆ ಸಿಗುತ್ತದಾ ಎಂದು ಕೇಳಿದ. ಕಮಲಕ್ಕನ ಕರುಳು ಚುರ್ ಎಂದಿತು. ಅಲ್ಲಿ ಆ ಹೆಣ್ಣುಮಗಳು ಬಾಗಿಲಲ್ಲಿ ಕಾಯುತ್ತಿರುತ್ತಾಳಲ್ಲ ಎಂದು ನನ್ನ ಕಿವಿ ಹಿಂಡಿದರು. ನಾನು ಅವನನ್ನು ಪುಸಲಾಯಿಸಿ ಕರೆದುಕೊಂಡು ಹೋಗಿ ಪಾಸ್‌ವರ್ಡ್ ತೆಗೆಸಿದೆ. ತೆಗೆದದ್ದೇ ತಡ, ಅಯ್ಯೋ ನನ್ನ ಹೆಂಡತಿ ಎಂದು ಕೂಗಿಕೊಂಡು, ಬಸ್ಸು ಹೋದ ದಾರಿಯಲ್ಲೇ ಓಡಿದ. ಆಮೇಲೆ ಎಷ್ಟು ಕರೆದರೂ ಬರಲಿಲ್ಲ.

ಹಾಗಾದರೆ ಹಾಕುವವರು ಯಾರು? ರಂಗನಾಯಕಮ್ಮನವರಿಗೆ ಒಂದು ಉಪಾಯ ಹೊಳೆಯಿತು. ಪುರಸಭೆಯ ಜವಾನ ಮಾರಣ್ಣ ಯಾವುದನ್ನೂ ಯಾತಕ್ಕೆ ಎಂದು ಕೇಳುವವನಲ್ಲ, ಹೇಳಿದ್ದನ್ನು ಮಾಡುತ್ತಾನೆ. ಯಾರ ಸಲುವಾಗಿಯೂ ಅಲ್ಲದೆ ಹಾಕಲು ಅವನೇ ಸರಿ ಎಂದು ಅವನ ಕೈಯಲ್ಲಿ ಹಾಕಿಸಿದರು. ಮಾರನೆಯ ದಿನ ಅವರು ಕಚೇರಿಗೆ ಬಂದರೆ ಮಾರಣ್ಣ ಬಾಗಿಲಿಗೆ ಅಡ್ಡ ನಿಂತು, "ಯಾರಮ್ಮ ತಾವು? ಅರ್ಜಿ ಇದ್ರೆ ಕೊಟ್ಟೋಗಿ, ಒಳಗೆಲ್ಲ ಬಿಡಕ್ಕಾಗಲ್ಲ" ಎಂದ. ಅವನು ಇಷ್ಟು ವರ್ಷ ಕೆಲಸ ಮಾಡಿದ್ದೆಲ್ಲ ಅವರ ಸಲುವಾಗಿಯೇ ಎಂಬುದು ಆಗಲೇ ತಿಳಿದದ್ದು. ರಂಗನಾಯಕಮ್ಮನವರು ಕೆಂಡವಾಗಿ ಅವನ ಕೈಯಲ್ಲೇ ಪಾಸ್‌ವರ್ಡ್ ತೆಗೆಸಿದರು. ಆದರೆ ಅವತ್ತಿನಿಂದ ಅವನನ್ನು ಏಕವಚನದಲ್ಲಿ ಕರೆಯುವುದನ್ನು ಬಿಟ್ಟರು.

ಯುಗಾದಿ ಹತ್ತಿರವಾಯಿತು. ಕೋಣೆಯಲ್ಲಿ ಊರಿನವರೆಲ್ಲ ಸೇರಿದ್ದ ಒಂದು ಮಧ್ಯಾಹ್ನ ನಾನು ಎದ್ದು ನಿಂತು, "ನಾನೇ ಹಾಕ್ತೀನಿ" ಎಂದೆ.

"ಏನೋ ಹೇಳ್ತಿದೀಯ?" ಎಂದರು ಕಮಲಕ್ಕ. "ನೀನು ಹಾಕೋದು ಅವಳ ಸಲುವಾಗಿ. ಅವಳನ್ನೇ ಮರೀತೀಯ."

"ಮರೆತ್ರೆ ಮರೀತೀನಿ. ಅವಳಿಗೆ ನನ್ನ ಉತ್ತರ ಸಿಗುತ್ತಲ್ಲ. ಅವಳು ಬರ್ತಾಳೆ. ಯಾರು ಅಂತ ನೀವು ನನಗೆ ಹೇಳಿ, ಅಷ್ಟು ಸಾಕು."

ಯಾರೋ ಮೂಗು ಒರೆಸಿಕೊಂಡರು. ರಂಗನಾಯಕಮ್ಮನವರು, "ಚೆಲುವಯ್ಯ, ನಿಮ್ಮನ್ನ ನಾನು ಇಷ್ಟು ದಿನ ಸರಿಯಾಗಿ ತಿಳ್ಕೊಂಡಿರ್ಲಿಲ್ಲ" ಎಂದರು. ನನ್ನ ಮೈಯಲ್ಲಿ ಒಂದು ಝುಮ್ಮೆನ್ನುವ ಸುಖ ಹರಿಯಿತು. ಹೈಮಾವತಿಯ ಹೆಸರನ್ನೇ ಪಾಸ್‌ವರ್ಡ್ ಮಾಡಿ, ಕಣ್ಣು ಮುಚ್ಚಿಕೊಂಡು ಎಂಟರ್ ಒತ್ತಿದೆ.

ಕಣ್ಣು ತೆರೆದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೈಮಾವತಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ತೂಕ-ಅಳತೆ, ಜೇಷ್ಠಮಧು, ಕುರ್ಚಿಯ ಕೆಳಗಿನ ಕಾಗದ, ಎಲ್ಲ ಇದ್ದ ಹಾಗೇ ಇತ್ತು! ಕುಣಿದಾಡಿಬಿಟ್ಟೆ. "ನೆನಪಿದೆ! ಎಲ್ಲ ನೆನಪಿದೆ! ಕಂಪ್ಯೂಟರ್ ಬೀಗಕ್ಕೆ ನಮ್ಮೂರಿನ ಶಾಪ ತಗಲಲ್ಲ!" ಎಂದೆ. ಜಯತೀರ್ಥನಿಗೂ ಮಾರಣ್ಣನಿಗೂ ತಗಲಿತ್ತಲ್ಲ ಎಂದು ಆ ಗಲಾಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಬ್ಲ್ಯಾಕ್‌ಲಿಸ್ಟಿನವರಿಗೆ ಬರೆದೆವು. ಅವರು ಬಂದು ಬಾಗಿಲು ತಳ್ಳಿ ನೋಡಿದರು, ಅದು ತೆರೆಯಲಿಲ್ಲ. ನಮ್ಮೂರಿನ ಚರಿತ್ರೆಯಲ್ಲೇ ತೆರೆಯದ ಮೊದಲ ಬಾಗಿಲು ಅದು. ನಮ್ಮನ್ನು ಬಿಟ್ಟರು. ನಾನು ಹೈಮಾವತಿಗೆ "ಬನ್ನಿ" ಎಂದು ಬರೆದೆ. ಕೆಳಗೆ ಹೆಸರು ಹಾಕಬೇಕು, ಕೈ ತಡೆಯಿತು. ಯಾರ ಹೆಸರು ಹಾಕುವುದು? ಖುಷಿಗೆ ಹೀಗಾಗಿದೆ ಎಂದುಕೊಂಡು ಹಾಗೇ ಕಳಿಸಿದೆ. ಈ ಸಲ ವಾಪಸು ಬರಲಿಲ್ಲ.

ಆಮೇಲೆ ಕೆಲವು ಸಣ್ಣಪುಟ್ಟ ವಿಚಿತ್ರಗಳಾದವು. ಕಮಲಕ್ಕ "ಚೆಲುವಯ್ಯ, ಊಟಕ್ಕೆ ಬಾರೋ" ಎಂದು ಕರೆದರೆ ನಾನು ಬೀದಿಗೆ ಹೋಗಿ "ಚೆಲುವಯ್ಯನ್ನ ಕರೀತಿದ್ದಾರೆ ನೋಡ್ರಪ್ಪ" ಎಂದು ದಾಟಿಸುತ್ತಿದ್ದೆ. ಮೆಸ್ಸಿನ ಕನ್ನಡಿಯಲ್ಲಿ ಒಬ್ಬ ಪೆಚ್ಚುಮೋರೆಯವನು ದಿನಾ ಸಿಗುತ್ತಿದ್ದ. ಅವನಿಗೆ ನಮಸ್ಕಾರ ಹೇಳುತ್ತಿದ್ದೆ, ಅವನೂ ಹೇಳುತ್ತಿದ್ದ. ಮಧ್ಯಾಹ್ನವಾದರೆ ಯಾರಿಗೋ ಹಸಿವಾಗಿದೆ ಅನ್ನಿಸುತ್ತಿತ್ತು, ಯಾರಿಗೆಂದು ತಿಳಿಯುತ್ತಿರಲಿಲ್ಲ. ಮದುವೆಯ ಗುಂಗು, ಪಾಪ ಎಂದು ಊರಿನವರು ನಕ್ಕು ಸುಮ್ಮನಾದರು.

ಹಬ್ಬದ ಹಿಂದಿನ ದಿನ ಹೈಮಾವತಿ ಬಂದಳು. ಒಂದು ಕೈಯಲ್ಲಿ ಬಟ್ಟೆಯ ಸೂಟ್‌ಕೇಸು, ಇನ್ನೊಂದರಲ್ಲಿ ತೂಕದ ಕಲ್ಲುಗಳ ಮರದ ಪೆಟ್ಟಿಗೆ. ಬಸ್‌ಸ್ಟಾಂಡಿನಲ್ಲಿ ಊರಿಗೆ ಊರೇ ನೆರೆದಿತ್ತು. ಅವಳು ಇಳಿದು, ನಾಚಿಕೆಯಿಂದ ನಕ್ಕು, "ಚೆಲುವಯ್ಯನವರೇ, ಬಂದೆ" ಎಂದಳು.

ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿ ಮಾರಣ್ಣ ಇದ್ದ. "ಬನ್ನಿ ಹೈಮಾವತಿಯವರೇ," ಎಂದೆ, "ಪ್ರಯಾಣ ಸುಖವಾಯ್ತಾ? ನೀವು ಹೇಳಿದ ಜೇಷ್ಠಮಧು ತರಿಸಿಟ್ಟಿದ್ದೀನಿ. ಅದಿರ್ಲಿ, ಈ ಚೆಲುವಯ್ಯ ಯಾರು?"

ಕಮಲಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು, "ಅಯ್ಯೋ ಶಿವನೇ, ಇವನಿಗೆ ಇವಳ ನೆನಪಿದೆಯಲ್ಲೇ!" ಎಂದರು. ಬೇರೆ ಊರಾಗಿದ್ದರೆ ಇದು ಸಂತೋಷದ ಮಾತು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಹೆಂಗಸರು ಹೈಮಾವತಿಯ ಸುತ್ತ ನಿಂತು, ಬೇಜಾರು ಮಾಡ್ಕೋಬೇಡಮ್ಮ, ಗಂಡಸರೇ ಹೀಗೆ ಎಂದು ಬೆನ್ನು ಸವರತೊಡಗಿದರು. ನನಗೆ ಏನೊಂದೂ ಅರ್ಥವಾಗದೆ ಜೇಷ್ಠಮಧುವಿನ ಪೊಟ್ಟಣ ಹಿಡಿದು ನಿಂತಿದ್ದೆ.

ಹೈಮಾವತಿಗೆ ಊರಿನ ಕಟ್ಟಲೆ ಗೊತ್ತಿತ್ತು, ನಾನೇ ಬರೆದಿದ್ದೆ. ಅವಳು ನೇರವಾಗಿ ಸರ್ವರ್ ಕೋಣೆಗೆ ಹೋದಳು. ನಾವೆಲ್ಲ ಹಿಂದೆ. ಪಾಸ್‌ವರ್ಡ್ ಕೇಳಿದ ಜಾಗದಲ್ಲಿ ಒಂದು ಕ್ಷಣ ಯೋಚಿಸಿ ತನ್ನ ಹೆಸರು ಒತ್ತಿದಳು. ತೆರೆಯಿತು. ಪಾಸ್‌ವರ್ಡನ್ನು ತೆಗೆದುಹಾಕಿದಳು.

ನಾನು ನನಗೆ ಪೂರಾ ವಾಪಸು ಬಂದೆ. ಹೆಸರು ಬಂತು, ಕೆಮ್ಮು ಬಂತು, ಕನ್ನಡಿಯ ಆ ಪೆಚ್ಚುಮೋರೆ ನನ್ನದೇ ಎಂದು ಗೊತ್ತಾಯಿತು, ಎಷ್ಟೋ ದಿನದ ಹಸಿವು ಒಟ್ಟಿಗೆ ಬಂತು. ಎಲ್ಲಕ್ಕಿಂತ ಹಿಂದೆ, ನಿಧಾನವಾಗಿ, ಎಂಟರ್ ಒತ್ತುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಏನು ಎಂಬುದೂ ಬಂತು. ಹೈಮಾವತಿ ಇರಲಿಲ್ಲ. ಆಹಾ, ಚೆಲುವಯ್ಯ ಎಂಥ ಮನುಷ್ಯ ಎಂದು ಊರು ಆಡಿಕೊಳ್ಳುವುದು ಇತ್ತು. ಮೂಗು ಒರೆಸಿಕೊಂಡವರು ಇದ್ದರು. ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ಪಾಸ್‌ವರ್ಡಿಗೆ ಹೆಸರು ನನ್ನದು," ಎಂದಳು ಹೈಮಾವತಿ, ಪರದೆಯ ಕಡೆಯೇ ನೋಡುತ್ತ, "ಹಾಕಿದ್ದು ನಿಮ್ಮ ಸಲುವಾ​ಗಿ."

"ತಪ್ಪಾಯ್ತು," ಎಂದೆ. "ಸಂಜೆ ಬಸ್ಸಿದೆ. ವರ್ಗಕ್ಕೆ ಒಪ್ಕೊಳ್ಳಿ. ನನ್ನಂಥೋನಿಗೋಸ್ಕರ ಸಣ್ಣ ಹುದ್ದೆಗೆ ಇಳೀಬೇಡಿ."

ಪರದೆಯ ಮೇಲೆ ಆಗಲೇ ಯಾರೋ ಹೊರಗಿನಿಂದ ಒಳಗೆ ಬಂದು ಎಣ್ಣೆಯ ಮೇಲ್ ಜೋಡಿಸತೊಡಗಿದ್ದ. ನೋಡುತ್ತಿದ್ದಂತೆ ಒಂದು, ಹತ್ತು, ನೂರು. ಸಂಜೆಯೊಳಗೆ ಮತ್ತೆ ಬ್ಲ್ಯಾಕ್‌ಲಿಸ್ಟು ಗ್ಯಾರಂಟಿ. ಅವಳು ಎಣ್ಣೆಯವನನ್ನು ಹೊರಗೆ ದಬ್ಬಿ, ಕೀಬೋರ್ಡು ಹತ್ತಿರ ಎಳೆದುಕೊಂಡಳು.

"ಏನ್ಮಾಡ್ತಿದ್ದೀರಿ?" ಎಂದೆ.

"ಹೊಸ ಪಾಸ್‌ವರ್ಡ್ ಹಾಕ್ತೀನಿ."

"ಬೇಡ ಹೈಮಾವತಿಯವರೇ! ನೀವೂ ಮರೀತೀರಿ. ಯಾರ ಸಲುವಾಗಿ ಹಾಕ್ತೀರೋ ಅವರನ್ನ..."

"ಯಾರ ಸಲುವಾಗಿ ಹಾಕ್ತೀನಿ ಅಂತ ನನಗೂ ಗೊತ್ತಿಲ್ಲ. ದೊಡ್ಡ ಹುದ್ದೆ ಬಿಟ್ಟು ಬಂದಿದ್ದೀನಿ. ಬಂದಿದ್ದು ನಿಮಗೋಸ್ಕರಾನೋ, ಸಂತೆ ಸಂತೆ ಸುತ್ತಿ ಸಾಕಾಗಿಯೋ, ಅದೂ ಗೊತ್ತಿಲ್ಲ. ನಿಮಗೆ ಗೊತ್ತಾಯ್ತಲ್ಲ, ನನಗೂ ಗೊತ್ತಾಗ್ಲಿ."

ಅವಳ ಬೆರಳುಗಳು ಓಡತೊಡಗಿದವು. ಕಿಟಕಿಯಲ್ಲಿ, ಬಾಗಿಲಲ್ಲಿ ಊರಿನವರ ತಲೆಗಳು. ಅವಳು ತಿರುಗಿ ನನ್ನನ್ನು ಚೆಲುವಯ್ಯನವರೇ ಎಂದು ಕರೆದರೆ ನನ್ನ ಕಥೆ ಮುಗಿಯಿತು. ಕರೆಯಬಾರದು ದೇವರೇ, ನನ್ನ ಹೆಸರು ಅವಳ ಬಾಯಿಂದ ಬರಬಾರದು ಎಂದು ಬೇಡಿಕೊಂಡೆ. ಅಷ್ಟು ಆಸೆಪಟ್ಟು ನಾನು ಹಿಂದೆಂದೂ ಏನನ್ನೂ ಬೇಡಿದವನಲ್ಲ. ಆದರೆ ನಾನು ಅವಳಿಗೆ ಮಾಡಿದ್ದೇನು, ಯಾವ ಮುಖ ಇಟ್ಟುಕೊಂಡು ಬೇಡಲಿ ಎಂದೂ ಅನ್ನಿಸುತ್ತಿತ್ತು. ಅವಳು ಎಂಟರ್ ಒತ್ತಿದಳು.

ಆಮೇಲೆ ತಿರುಗಿದಳು. ಮೊದಲು ಕಂಡದ್ದು ರಂಗನಾಯಕಮ್ಮನವರು. ಗುರುತು ಹಿಡಿದು ನಕ್ಕಳು. ಮಾರಣ್ಣನನ್ನು ಕಂಡು, "ನಿಮ್ಮ ಸಂತೆ ತಕ್ಕಡಿ ಈಗ ಸರಿ ಇದೆಯಾ?" ಎಂದು ಕೇಳಿದಳು. ಊರು ಮರೆತಿಲ್ಲ, ಕೆಲಸ ಮರೆತಿಲ್ಲ. ತನ್ನ ಸೂಟ್‌ಕೇಸನ್ನು ಕಾಲಿನ ಹತ್ತಿರ ಎಳೆದುಕೊಂಡಳು. ತನ್ನನ್ನೂ ಮರೆತಿಲ್ಲ.

ಅವಳ ಕಣ್ಣು ಒಬ್ಬೊಬ್ಬರನ್ನೇ ದಾಟಿ ನನ್ನ ಮೇಲೆ ಬಂತು. ಹೊಸ ಗಂಡಸಿನ ಎದುರು ಮಾಡುವ ಹಾಗೆ ಸೆರಗು ಸರಿ ಮಾಡಿಕೊಂಡಳು. ಕಮಲಕ್ಕನ ಕಡೆ ಬಾಗಿ, ಮೆಲ್ಲಗೆ, ನನಗೆ ಕೇಳಿಸಬಾರದೆಂಬಂತೆ, "ಇವರು ಯಾರು? ಗೊತ್ತಾಗ್ಲಿಲ್ಲ" ಎಂದಳು.

ಕಮಲಕ್ಕ ಹೋ ಎಂದು ಅತ್ತುಬಿಟ್ಟರು. ರಂಗನಾಯಕಮ್ಮನವರು ಮಾರಣ್ಣನ ಹೆಗಲು ಹಿಡಿದುಕೊಂಡರು. ಕಿಟಕಿಯ ಆಚೆ ಯಾರೋ ಶಿಳ್ಳೆ ಹೊಡೆದರು. ಇವರಿಗೆಲ್ಲ ಏನಾಯಿತು ಎಂದು ಹೈಮಾವತಿ ಗಾಬರಿಯಿಂದ ನೋಡುತ್ತಿದ್ದಳು. ಜೀವಮಾನದಲ್ಲಿ ಆ ಗಳಿಗೆಯಲ್ಲಿ ಇದ್ದಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ. ಕಣ್ಣು ಒರೆಸಿಕೊಂಡೆ, ಅಂಗಿ ಸರಿಮಾಡಿಕೊಂಡೆ, ಅವಳ ಎದುರು ಹೋಗಿ ಕೈ ಮುಗಿದೆ.

"ನಮಸ್ಕಾರ," ಎಂದೆ. "ನನ್ನ ಹೆಸರು ಚೆಲುವಯ್ಯ."